ಮನೆಯ ಮೇಲೆ ಬ್ಯಾಂಕಿನ ದಾವೆ ಬಂದಾಗ



ಮಳೆ ಕೈಕೊಟ್ಟು ತೊಗರಿ ಒಣಗಿತು, ಅಡವಿಟ್ಟ ಮನೆಯ ಕಂತು ನಿಂತಿತು ಎನ್ನಿ. ಬ್ಯಾಂಕಿನ ಕಾಗದ ಬಂತು. ಬೀದರ ಪಟ್ಟಣವಿರಲಿ, ಭಾಲ್ಕಿ, ಔರಾದದ ಹಳ್ಳಿಯಿರಲಿ, ಬಾಗಿಲು ಹಾಕಿಕೊಂಡು ಕೂಡಬ್ಯಾಡ್ರಿ. ಕಾಗದ ತಿರುಗಿಸಿ ಕಳಿಸಿದರೆ ದಾವೆ ನಿಲ್ಲದು. ನಿಮ್ಮ ಮಾತು ಕೇಳದೆಯೇ ತೀರ್ಪಾದೀತು.

ಮೊದಲು ಅದು ಯಾವ ಕಾಗದವೆಂದು ಓದಿಸಿರಿ. ಸಿವಿಲ್ ಕೋರ್ಟಿನ ಸಮನ್ಸಾದರೆ 30 ದಿನದೊಳಗೆ ವಕೀಲರ ಮೂಲಕ ಲಿಖಿತ ಉತ್ತರ ಕೊಡಬೇಕು.

2002ರ ಸರ್ಫೇಸಿ ಕಾಯಿದೆಯ ನೋಟೀಸಾದರೆ ಬ್ಯಾಂಕು ದಾವೆ ಹೂಡದೆಯೇ ಮನೆ ವಶಮಾಡಿಕೊಳ್ಳಬಲ್ಲದು. ಆದರೆ ಬಾಕಿ ಕಟ್ಟಲು 60 ದಿನ ಕೊಡಲೇಬೇಕು. ಅಷ್ಟರಲ್ಲಿ ನಿಮ್ಮ ತಕರಾರು ಬರೆದು ಕೊಟ್ಟು, ಮುಟ್ಟಿತೆಂದು ಸಹಿ-ಶಿಕ್ಕಾ ಹಾಕಿಸಿಕೊಳ್ಳಿರಿ. ಬ್ಯಾಂಕು 15 ದಿನದೊಳಗೆ ಜವಾಬು ಹೇಳಬೇಕು. ವಶಕ್ಕೆ ಕೈಹಾಕಿದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಈ ಕಾಯಿದೆ ಸಾಗುವಳಿ ಜಮೀನಿಗೆ ತಗಲದು, ಮನೆಗೆ ತಗಲುತ್ತದೆ.

ಕಂತು ಕಟ್ಟಿದ ರಸೀದಿ, ಪಾಸ್‌ಬುಕ್ಕು, ಸಾಲದ ಪತ್ರ ಒಂದೆಡೆ ಕೂಡಿಡಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ. ಲೋಕ ಅದಾಲತ್ತಿನಲ್ಲಿ ಕಂತಿನ ರಾಜಿಗೂ ದಾರಿಯುಂಟು.

ಬಿತ್ತನೆಗೆ ಹದ ಹೇಗೋ, ಕೋರ್ಟಿಗೆ ತಾರೀಖು ಹಾಗೆ. ತಪ್ಪಿಸಬ್ಯಾಡ್ರಿ.