ಕಸವಾಗುವ ಮೊದಲೇ



2019ರ ಆಗಸ್ಟ್ ತಿಂಗಳನ್ನು ನಮ್ಮ ಮಂಗಳೂರು ಮರೆಯುವಂತಿಲ್ಲ. ಭಾರೀ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರಕ್ಕೆ ಇಳಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಹಲವು ಕುಟುಂಬಗಳು ಮನೆ ಬಿಡಬೇಕಾಯಿತು. ಆ ರಾಶಿಯಲ್ಲಿ ನಮ್ಮ ಮನೆಗಳ ಕಸದ ಜೊತೆಗೆ ಅಂಗಡಿ, ಹೋಟೆಲು, ಕಚೇರಿಗಳ ಕಸವೂ ಇತ್ತು.

ಹೋಟೆಲುಗಳು ಕಸವನ್ನು ವಿಂಗಡಿಸಬೇಕು, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರವನ್ನೋ ಅನಿಲವನ್ನೋ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಒಳ್ಳೆಯದೇ. ಆದರೆ ಅದು ಕಸವಾದ ಮೇಲಿನ ಕೆಲಸ. ಅದಕ್ಕೂ ಮೊದಲಿನ ಕೆಲಸವೊಂದಿದೆ.

ನಮ್ಮ ಊರಿನ ಗೇರುಬೀಜದ ಉದ್ಯಮವನ್ನೇ ನೋಡಿ. ತಿರುಳು ತೆಗೆದ ಮೇಲೆ ಸಿಪ್ಪೆಯನ್ನು ಎಸೆಯುವುದಿಲ್ಲ. ಅದರಿಂದ ತೆಗೆದ ಎಣ್ಣೆ ಬಣ್ಣ, ವಾರ್ನಿಷ್, ವಾಹನಗಳ ಬ್ರೇಕ್ ಲೈನಿಂಗ್‌ಗೆ ಹೋಗುತ್ತದೆ. ಉಳಿದ ಹಿಂಡಿ ಒಲೆಗೆ ಸೌದೆಯಾಗುತ್ತದೆ. ಕಸವೆಂದು ಕಂಡದ್ದೂ ಲೆಕ್ಕದ ಪುಸ್ತಕದಲ್ಲಿ ಸರಕಾಗಬಹುದು.

ಈಗ ನನ್ನದೇ ಒಂದು ಸೋಲಿನ ಕತೆ. ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ದಿನವೂ ಅನ್ನ ಚೆಲ್ಲುತ್ತಿದ್ದರು. ನಾನು ಊಟ ಕಾದಿರಿಸುವ ಆ್ಯಪ್ ಮಾಡಿಕೊಟ್ಟೆ. ಚೆಂದದ ಗ್ರಾಫ್ ಬಂತು, ಕಸ ಕಡಿಮೆಯಾಗಲಿಲ್ಲ. ಅಡುಗೆಯ ಅಕ್ಕ ಹೇಳಿದರು: "ನಿಮ್ಮ ಮೊಬೈಲ್ ಆಮೇಲೆ ನೋಡುವ, ಮೊದಲು ಬಕೆಟ್ ನೋಡಿ ಮಾರಾಯ್ರೆ."

ಮೂರು ಬಕೆಟ್ ಇಟ್ಟೆವು: ತರಕಾರಿ ಸಿಪ್ಪೆಗೆ ಒಂದು, ತಟ್ಟೆಯಲ್ಲಿ ಬಿಟ್ಟದ್ದಕ್ಕೆ ಒಂದು, ಪಾತ್ರೆಯಲ್ಲಿ ಉಳಿದದ್ದಕ್ಕೆ ಒಂದು. ದಿನವೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆದೆವು. ಎರಡು ವಾರದಲ್ಲಿ ಗುಟ್ಟು ತಿಳಿಯಿತು. ನಾವು ಬೈಯುತ್ತಿದ್ದದ್ದು ಉಣ್ಣುವವರನ್ನು. ಹೆಚ್ಚು ತುಂಬುತ್ತಿದ್ದದ್ದು ಪಾತ್ರೆಯ ಬಕೆಟ್. ಅನ್ನ ಸಾಲದೆ ಹೋದರೆ ಬೈಗುಳ ಕೇಳಬೇಕೆಂಬ ಹೆದರಿಕೆಯಿಂದ ಅಡುಗೆಯವರು ಬೆಳಿಗ್ಗೆಯೇ ಎಲ್ಲ ಅಕ್ಕಿಯನ್ನೂ ಬೇಯಿಸಿಬಿಡುತ್ತಿದ್ದರು. ಕೊನೆಯ ಪಾತ್ರೆಯನ್ನು ಜನ ನೋಡಿಕೊಂಡು ಇಡಿ, ಹತ್ತು ನಿಮಿಷ ತಡವಾದರೆ ಯಾರೂ ಬೈಯುವುದಿಲ್ಲ ಎಂದು ಮಾತು ಕೊಟ್ಟೆವು. ಕಸ ಪೂರ್ತಿ ನಿಲ್ಲಲಿಲ್ಲ. ಆದರೆ ಆ ಬಕೆಟ್ ಮತ್ತೆ ತುಂಬಲಿಲ್ಲ. ಅಕ್ಕಿಯ ಖರ್ಚೂ ಇಳಿಯಿತು.

ನಾನು ಕಲಿತದ್ದು ಇಷ್ಟೇ: ತೂಗದೆ ತೀರ್ಪು ಕೊಡಬಾರದು, ಕೆಲಸ ಮಾಡುವವರನ್ನು ಕೇಳದೆ ಪರಿಹಾರ ಹುಡುಕಬಾರದು.

ವಿದ್ಯಾರ್ಥಿಗಳೇ, ನಾಳೆ ನೀವು ಅಂಗಡಿ ಇಡುವವರು, ಕಾರ್ಖಾನೆ ನಡೆಸುವವರು. ಅಭ್ಯಾಸ ಇವತ್ತಿನಿಂದಲೇ ಆಗಲಿ. ಸುವರ್ಣ ಮಹೋತ್ಸವದ ಊಟ ಮುಗಿದ ಮೇಲೆ ಮೂರು ಬಕೆಟ್ ಇಡೋಣ. ತೂಗಲು ನಾನೂ ಬರುತ್ತೇನೆ.