ನಿರ್ಣಯವೂ ಅದರ ಫಲವೂ



ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠದ ಆವರಣದಲ್ಲಿ ಕಕ್ಷಿದಾರನೊಬ್ಬನು ಮತ್ತೊಬ್ಬನನ್ನು ‘ಕೇಸು ಫೈಸಲಾಯ್ತೇನ್ರಿ?’ ಎಂದು ವಿಚಾರಿಸುವಾಗಲೂ, ಕಮಲಾಪುರದ ರೈತನು ಈ ಸಲ ಹೊಲಕ್ಕೆ ಕೆಂಪು ಬಾಳೆಯ ಕಂದನ್ನೇ ಇಡುವುದೆಂದು ಮನೆಯವರಿಗೆ ತಿಳಿಸುವಾಗಲೂ, ಕ್ರಿಕೆಟ್ ಮೈದಾನದಲ್ಲಿ ಅಂಪೈರರು ತೋರುಬೆರಳನ್ನು ಮೇಲೆತ್ತುವಾಗಲೂ ನಡೆಯುವ ವ್ಯಾಪಾರವನ್ನು ನಾವು ನಿರ್ಣಯವೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆಯಾದರೂ, ಆ ಮೂರರ ಸ್ವಭಾವವೂ ಅವು ಹೊರುವ ಹೊಣೆಯೂ ಪರಸ್ಪರ ಭಿನ್ನವಾದುವು.

ನ್ಯಾಯಶಾಸ್ತ್ರದ ನಿರ್ಣಯವನ್ನು ಕುರಿತು ಮಾತನಾಡಲು ಈ ಸೀಮೆಗೆ ವಿಶೇಷವಾದ ಅಧಿಕಾರವುಂಟು. ಶಹಾಬಾದಿನ ಬಳಿಯ ಮರತೂರಿನವನೆಂದು ಇಲ್ಲಿಯ ಜನ ಅಭಿಮಾನದಿಂದ ಹೇಳಿಕೊಳ್ಳುವ ಪಂಡಿತ ವಿಜ್ಞಾನೇಶ್ವರನು, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ವ್ಯವಹಾರಕ್ಕೆ, ಎಂದರೆ ನ್ಯಾಯಸಭೆಯಲ್ಲಿ ನಡೆಯುವ ವ್ಯಾಜ್ಯಕ್ಕೆ, ನಾಲ್ಕು ಪಾದಗಳೆಂದು ಆ ಗ್ರಂಥ ನಿರೂಪಿಸುತ್ತದೆ: ವಾದಿಯ ಹೇಳಿಕೆಯಾದ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ಮುಂದಿಡುವ ಕ್ರಿಯೆ, ಕಡೆಯದಾಗಿ ಸಾಧ್ಯಸಿದ್ಧಿ. ನಾವು ತೀರ್ಪೆಂದು ಕರೆಯುವುದು ಈ ನಾಲ್ಕನೆಯ ಪಾದವನ್ನು ಮಾತ್ರ; ಮೊದಲ ಮೂರು ಸರಿಯಾಗಿ ನೆಲಕ್ಕೂರಿದ ಹೊರತು ಅದು ನಿಲ್ಲಲಾರದು. ಪ್ರತಿವಾದಿ ಕೊಡಬಹುದಾದ ಉತ್ತರಗಳಲ್ಲಿ ‘ಪ್ರಾಙ್ನ್ಯಾಯ’ವೆಂಬುದೂ ಒಂದು: ‘ಈ ವಿಷಯ ಹಿಂದೆಯೇ ವಿಚಾರಣೆಗೆ ಬಂದು, ಇವನು ಅಲ್ಲಿ ಸೋತಿದ್ದಾನೆ’ ಎಂಬ ಉತ್ತರ. ಒಮ್ಮೆ ತೀರಿದ ವ್ಯಾಜ್ಯವನ್ನು ಅವೇ ಕಕ್ಷಿಗಳು ಮತ್ತೆ ಹೂಡಬಾರದೆಂಬ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮಿನ ತತ್ತ್ವವೂ ಇದೇ. 1916ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ತತ್ತ್ವದ ಪ್ರಾಚೀನತೆಯನ್ನು ಹೇಳುವ ಸಂದರ್ಭದಲ್ಲಿ ವಿಜ್ಞಾನೇಶ್ವರನನ್ನು ಹೆಸರೆತ್ತಿ ಸ್ಮರಿಸಿತೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಅವಶ್ಯವಾಗಿ ತಿಳಿಸಬೇಕು.

ಆದರೆ ತೀರಿದ್ದು ತೀರಿತೆಂದು ಹೇಳಿದ ಆ ಶಾಸ್ತ್ರವೇ, ನ್ಯಾಯವಿರುದ್ಧವಾಗಿ ತೀರ್ಮಾನಿಸಲ್ಪಟ್ಟ ವ್ಯಾಜ್ಯವನ್ನು ಅರಸನು ಪುನಃ ಪರಿಶೀಲಿಸಿ, ತಪ್ಪುತೀರ್ಪನ್ನಿತ್ತ ನ್ಯಾಯಸಭೆಯ ಸಭ್ಯರಿಗೂ ಅದರಿಂದ ಗೆದ್ದವನಿಗೂ ದ್ವಿಗುಣ ದಂಡವನ್ನು ವಿಧಿಸಬೇಕೆಂದೂ ಹೇಳಿತು. ಇಂದಿನ ನ್ಯಾಯಾಧೀಶರಿಗೆ ಅಂಥ ದಂಡದ ಭಯವಿಲ್ಲ. ಅದರ ಸ್ಥಾನದಲ್ಲಿ ಕಾರಣಗಳನ್ನು ಬರೆಯುವ ಕರ್ತವ್ಯವಿದೆ. ದಾವೆಯ ಸಂಗತಿ, ನಿರ್ಧರಿಸಬೇಕಾದ ಅಂಶಗಳು, ಅವುಗಳ ಮೇಲಿನ ನಿರ್ಣಯ, ನಿರ್ಣಯದ ಕಾರಣಗಳು, ಇಷ್ಟೂ ಸಿವಿಲ್ ತೀರ್ಪಿನಲ್ಲಿರಬೇಕೆಂಬುದು ಸಂಹಿತೆಯ ಆಜ್ಞೆ. ಮೇಲ್ಮನವಿಯನ್ನು ಕೇಳುವ ನ್ಯಾಯಾಲಯ ತೂಗಿ ನೋಡುವುದು ಆ ಕಾರಣಗಳನ್ನು ಮತ್ತು ಸಾಕ್ಷ್ಯವನ್ನೇ ಹೊರತು, ತೀರ್ಪಿನ ತರುವಾಯ ಯಾರ ಮನೆ ಏಳಿಗೆಯಾಯಿತು, ಯಾರದು ಕೆಟ್ಟಿತು ಎಂಬುದನ್ನಲ್ಲ. ಅಂಥ ಮನವಿಗಾಗಿ ಸುಮಾರು 600 ಕಿಲೋಮೀಟರು ದೂರದ ಬೆಂಗಳೂರಿಗೆ ಅಲೆಯುತ್ತಿದ್ದ ನಮ್ಮ ಭಾಗದ ಜನರಿಗೆ 2008ರ ಜುಲೈಯಲ್ಲಿ ಸಂಚಾರಿ ಪೀಠವೂ 2013ರಲ್ಲಿ ಖಾಯಂ ಪೀಠವೂ ದೊರೆತುದು, ನನ್ನ ದೃಷ್ಟಿಯಲ್ಲಿ, ಈ ಪ್ರದೇಶಕ್ಕೆ ಸಂದ ದೊಡ್ಡ ನ್ಯಾಯ.

ಮನಸ್ಸಿನ ವ್ಯವಹಾರ ಹೀಗಲ್ಲ. ಅಲ್ಲಿ ಕಾರಣಗಳು ಅನೇಕವೇಳೆ ನಿರ್ಣಯವಾದ ಮೇಲೆ ಬಂದು ಸೇರುತ್ತವೆ. ಮನೋವಿಜ್ಞಾನಿ ಜ್ಯಾಕ್ ಬ್ರೆಹ್ಮ್ 1956ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮಹಿಳೆಯರು ಕೆಲವು ಗೃಹೋಪಯೋಗಿ ವಸ್ತುಗಳು ತಮಗೆಷ್ಟು ಬೇಕೆನಿಸುತ್ತವೆಂದು ಅಂಕ ಕೊಟ್ಟು, ಎರಡರಲ್ಲಿ ಒಂದನ್ನು ಆರಿಸಿಕೊಂಡು, ಮತ್ತೆ ಅಂಕ ಕೊಟ್ಟಾಗ, ಆರಿಸಿದ ವಸ್ತುವಿನ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ವಸ್ತುಗಳು ಬದಲಾಗಿರಲಿಲ್ಲ, ನಿರ್ಣಯವು ನಿರ್ಣಯಿಸಿದವರನ್ನೇ ಬದಲಿಸಿತ್ತು. ಇದಕ್ಕಿಂತಲೂ ಹೆಚ್ಚು ಅನ್ಯಾಯಕ್ಕೆಡೆಗೊಡುವ ಮತ್ತೊಂದು ದೌರ್ಬಲ್ಯವನ್ನು ಬ್ಯಾರನ್ ಮತ್ತು ಹರ್ಷಿ ಎಂಬ ವಿದ್ವಾಂಸರು 1988ರಲ್ಲಿ ತೋರಿಸಿಕೊಟ್ಟರು: ವೈದ್ಯನೊಬ್ಬನ ಒಂದೇ ನಿರ್ಣಯವನ್ನು, ರೋಗಿ ಬದುಕಿದನೆಂದು ಕೇಳಿದಾಗ ಜನ ಹೆಚ್ಚು ಮೆಚ್ಚುವರು, ಸತ್ತನೆಂದು ಕೇಳಿದಾಗ ಹಳಿಯುವರು.

ಕಮಲಾಪುರದ ರೈತನಿಗೆ ಈ ತೂಕದ ತಪ್ಪು ಬಲು ಕಠಿಣವಾಗಿ ತಟ್ಟುತ್ತದೆ. ಸಾಮಾನ್ಯ ಬಾಳೆ ಸುಮಾರು ಒಂದು ವರ್ಷದಲ್ಲಿ ಗೊನೆ ಕೊಟ್ಟರೆ, ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಅಲ್ಲಿಯ ಕೆಂಪು ಬಾಳೆ ಒಂದೂವರೆ ವರ್ಷದಷ್ಟು ಕಾಲ ನೆಲವನ್ನೂ ನೀರನ್ನೂ ಕಾವಲನ್ನೂ ಬೇಡುತ್ತದೆ. ಬಾವಿಯ ನೀರು, ಮಣ್ಣಿನ ಗುಣ, ಹಿಂದಿನ ಸಾಲಿನ ಧಾರಣೆ, ಇವೆಲ್ಲವನ್ನೂ ಲೆಕ್ಕ ಹಾಕಿಯೇ ಕಂದನ್ನಿಟ್ಟ ತೋಟವನ್ನು ಬೇಸಗೆಯ ಒಂದು ಬಿರುಗಾಳಿ ಮಲಗಿಸಿಬಿಟ್ಟರೆ, ನೆರೆಯವರೂ ಬೀಗರೂ ‘ಬ್ಯಾಡಂದ್ರೂ ಕೇಳಲಿಲ್ಲ’ ಎನ್ನುತ್ತಾರೆ. ಗಾಳಿ ಬೀಸದೆ ಒಳ್ಳೆಯ ಬೆಲೆ ಬಂದರೆ ಅವರೇ ಅವನನ್ನು ಜಾಣನೆಂದು ಕೊಂಡಾಡುತ್ತಾರೆ. ನಾಟಿಯ ದಿನ ಅವನಿಗೆ ತಿಳಿದಿದ್ದುದೇನು, ತಿಳಿಯಲು ಶಕ್ಯವಿದ್ದುದೇನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ನ್ಯಾಯಾಲಯ ಅಪರಿಚಿತ ಕಕ್ಷಿದಾರರಿಗೂ ಸಲ್ಲಿಸುವ ಈ ಮರ್ಯಾದೆಯನ್ನು ನಾವು ನಮ್ಮವರಿಗೆ ಸಲ್ಲಿಸದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಕ್ರೀಡೆ. ಮಟ್ಟಿಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದವನಿಗೆ ಪಂಚರ ನಿರ್ಣಯದ ಅಗತ್ಯವೇ ಬೀಳುವುದಿಲ್ಲ. ಕ್ರಿಕೆಟ್ಟಿನಲ್ಲಿಯಾದರೋ ಕ್ಷೇತ್ರರಕ್ಷಕರು ಮನವಿ ಮಾಡದೆ ಅಂಪೈರರು ಬ್ಯಾಟುಗಾರನನ್ನು ಔಟೆಂದು ಸಾರುವಂತಿಲ್ಲ. ಸಾರಿದ ಮೇಲೆ ಕಾರಣವನ್ನು ವಿವರಿಸಬೇಕಾಗಿಯೂ ಇಲ್ಲ. ಕಲಬುರಗಿಗೆ ಸಂಚಾರಿ ಪೀಠ ಬಂದ 2008ರ ಜುಲೈಯಲ್ಲಿಯೇ ಕೊಲಂಬೋದಲ್ಲಿ, ನಮ್ಮ ಅನಿಲ್ ಕುಂಬ್ಳೆಯವರು ಭಾರತದ ನಾಯಕರಾಗಿದ್ದ ಟೆಸ್ಟ್ ಸರಣಿಯಲ್ಲಿ, ಅಂಪೈರರ ನಿರ್ಣಯದ ಪುನರ್ವಿಮರ್ಶೆಯನ್ನು ಆಟಗಾರರೇ ಕೋರುವ ಪದ್ಧತಿ ಟೆಸ್ಟಿನಲ್ಲಿ ಮೊದಲ ಬಾರಿ ಪ್ರಯೋಗಕ್ಕೆ ಬಂದಿತು.

ಅದಕ್ಕೂ ಬಹಳ ಹಿಂದೆ, 1980ರ ಫೆಬ್ರವರಿಯಲ್ಲಿ, ಮುಂಬಯಿಯಲ್ಲಿ ನಡೆದ, ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅಂಪೈರರು ಕ್ಯಾಚ್ ಔಟೆಂದು ಸಾರಿದರು. ಭಾರತದ ನಾಯಕರಾಗಿದ್ದ ಭದ್ರಾವತಿಯ ಗುಂಡಪ್ಪ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾಗಿದ್ದುದರಿಂದ, ಅವರು ಮನವಿಯನ್ನು ಹಿಂತೆಗೆದುಕೊಂಡು ಟೇಲರರನ್ನು ಮರಳಿ ಆಟಕ್ಕೆ ಕರೆದರು. ಬೋಥಮ್ ಮತ್ತು ಟೇಲರ್ ಆರನೆಯ ವಿಕೆಟ್ಟಿಗೆ 171 ಓಟಗಳನ್ನು ಸೇರಿಸಿದರು. ಭಾರತ 10 ವಿಕೆಟ್ಟುಗಳಿಂದ ಸೋತಿತು. ಆ ಸೋಲನ್ನು ಮುಂದಿಟ್ಟುಕೊಂಡು ವಿಶ್ವನಾಥರು ದುಡುಕಿದರೆಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಅವರ ವಾದ ನನಗೆ ಸಮ್ಮತವಲ್ಲ. ತಮ್ಮ ಕಣ್ಣಿಗೆ ಕಂಡುದರ ಆಧಾರದ ಮೇಲೆ ನಾಯಕರು ನಿರ್ಣಯಿಸಿದರು. 171 ಓಟಗಳು ಆಗಿನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.