ನೀಲಿ ಅಂದ್ರೆ ಕೆಟ್ಟ ರಕ್ತ ಅಲ್ಲ: ಅಪ್ಪನ ಹೃದಯದ ಸ್ಕ್ಯಾನ್ ಕಲಿಸಿದ ಲೆಕ್ಕ

ಸೋಂಪುರದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ. ಮೊದಲು ಒಂದು ಸದ್ದು ಕೇಳಿಸ್ತೀನಿ.

[ಲಾರಿ ಹಾರ್ನ್ ಹತ್ತಿರ ಬಂದು ದೂರ ಹೋಗುವ ಸದ್ದು]

ಇದನ್ನ ದಾಬಸ್‌ಪೇಟೆ ಹತ್ತಿರ, ತುಮಕೂರು ಹೈವೇ ಪಕ್ಕ ನಿಂತು ಫೋನಲ್ಲೇ ರೆಕಾರ್ಡ್ ಮಾಡಿದ್ದು. ಲಾರಿ ನಮ್ಮ ಕಡೆ ಬರುವಾಗ ಹಾರ್ನ್ ಕೀಚಲು, ದಾಟಿ ಹೋದ ಮೇಲೆ ದಪ್ಪ. ಡ್ರೈವರ್ ಹಾರ್ನ್ ಬದಲಾಯಿಸಿಲ್ಲ, ನಮ್ಮ ಕಿವಿಗೆ ಬಂದ ಅಲೆ ಬದಲಾಗಿದೆ. ಈಗ ಎರಡನೇ ಸದ್ದು.

[ಉಶ್, ಉಶ್ ಎಂದು ಲಯದಲ್ಲಿ ಬರುವ ಸದ್ದು]

ಇದು ನಮ್ಮಪ್ಪನ ಎದೆಯೊಳಗೆ ರಕ್ತ ಹರಿಯೋ ಸದ್ದು. ಅವರ ಅನುಮತಿ ಕೇಳಿಯೇ ಹಾಕಿದ್ದೀನಿ. "ಹಾಕ್ಕೋ ಹೋಗೋ, ನನ್ನ ಎದೇಲಿ ಗುಟ್ಟೇನಿದೆ" ಅಂದ್ರು. ಎರಡೂ ಸದ್ದಿನ ಹಿಂದೆ ಇರೋ ತತ್ವ ಒಂದೇ. ಇವತ್ತಿನ ಮಾತು ಅದರ ಬಗ್ಗೆ. ರಕ್ತ ಹರಿಯೋದನ್ನ ಸ್ಕ್ಯಾನ್ ಯಂತ್ರ ಹೇಗೆ ನೋಡುತ್ತೆ, ಅದನ್ನ 3ಡಿಯಲ್ಲಿ ತೋರಿಸೋದು ಯಾಕೆ ಕಷ್ಟ, ಅದು ಗೊತ್ತಿಲ್ಲದೆ ನಾನು ಒಬ್ಬ ಡಾಕ್ಟರ್ ಮೇಲೆ ಹೇಗೆ ಅನುಮಾನ ಪಟ್ಟೆ ಅನ್ನೋದು. ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕ ಹಾಕಿ ಅರ್ಥ ಮಾಡ್ಕೊಂಡಿದ್ದೀನಿ.

ಕಥೆ ಇಷ್ಟು. ಅಪ್ಪ ಇಲ್ಲೇ ಸೋಂಪುರ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ರು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಯ್ತು, ಬದುಕಿಕೊಂಡ್ರು. ಆಮೇಲೆ ನಿಧಾನವಾಗಿ ಮೆಟ್ಟಿಲು ಹತ್ತೋಕೆ ಉಸಿರು ಸಾಲದೆ ಹೋಯ್ತು. ಮೊದಲು ಒಂದು ಆಸ್ಪತ್ರೆಯಲ್ಲಿ ಎಕೋ ಮಾಡಿಸಿದ್ವಿ. ಎಕೋ ಅಂದ್ರೆ ಹೃದಯದ ಅಲ್ಟ್ರಾಸೌಂಡ್. ಪರದೆ ಮೇಲೆ ಕಪ್ಪು ಬಿಳುಪಿನ ಹೃದಯ, ಅದರೊಳಗೆ ಕೆಂಪು, ನೀಲಿ. ಕವಾಟದ ಹಿಂದೆ ಒಂದು ದೊಡ್ಡ ನೀಲಿ ಚಿಮ್ಮು.

ಅಮ್ಮ ಸೆರಗು ಬಾಯಿಗೆ ಹಿಡಿದು, "ಅಯ್ಯೋ ಮೇಡಂ, ಇಷ್ಟೊಂದು ಕೆಟ್ಟ ರಕ್ತ ಇದೆಯಾ?" ಅಂದ್ರು.

ತಪ್ಪು ಅಮ್ಮಂದಲ್ಲ. ಶಾಲೆ ಪುಸ್ತಕದಲ್ಲಿ ಶುದ್ಧ ರಕ್ತ ಕೆಂಪು, ಅಶುದ್ಧ ರಕ್ತ ನೀಲಿ ಅಂತ ಬಣ್ಣ ಹಾಕಿ ಕಲಿಸಿದ್ದಾರಲ್ಲ. ಆದರೆ ಅಲ್ಟ್ರಾಸೌಂಡ್‌ನಲ್ಲಿ ಬಣ್ಣಕ್ಕೂ ಆಮ್ಲಜನಕಕ್ಕೂ ಸಂಬಂಧವೇ ಇಲ್ಲ. ಸಾಮಾನ್ಯವಾಗಿ ಪ್ರೋಬ್ ಕಡೆಗೆ ಬರೋ ರಕ್ತಕ್ಕೆ ಕೆಂಪು, ಪ್ರೋಬ್‌ನಿಂದ ದೂರ ಹೋಗೋ ರಕ್ತಕ್ಕೆ ನೀಲಿ. ಅಷ್ಟೇ. ಬರೋ ಲಾರಿ ಕೆಂಪು, ಹೋಗೋ ಲಾರಿ ನೀಲಿ.

1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಅನ್ನೋ ವಿಜ್ಞಾನಿ ಪ್ರಾಗ್ ನಗರದಲ್ಲಿ ಈ ತತ್ವ ಮಂಡಿಸಿದ. ಅವನಿಗೆ ರಕ್ತದ ಯೋಚನೆಯೇ ಇರಲಿಲ್ಲ, ನಕ್ಷತ್ರಗಳ ಬಣ್ಣದ ಬಗ್ಗೆ ಬರೆದಿದ್ದ. 1845ರಲ್ಲಿ ಬೈಸ್ ಬ್ಯಾಲಟ್ ಅನ್ನೋರು ನೆದರ್ಲೆಂಡ್ಸ್‌ನಲ್ಲಿ ರೈಲಿನ ಮೇಲೆ ತುತ್ತೂರಿ ಊದೋರನ್ನ ಕೂರಿಸಿ, ಕೆಳಗೆ ಸಂಗೀತ ಬಲ್ಲವರನ್ನ ನಿಲ್ಲಿಸಿ ಇದನ್ನ ಪರೀಕ್ಷೆ ಮಾಡಿದ್ರು. ರಕ್ತಕ್ಕೆ, ಹೃದಯಕ್ಕೆ ಬಂದಿದ್ದು ನೂರು ವರ್ಷದ ಮೇಲೆ, 1950ರ ದಶಕದಲ್ಲಿ, ಜಪಾನಿನ ಒಸಾಕಾದಲ್ಲಿ ಶಿಗಿಯೊ ಸತೊಮುರ ಅವರ ಕೆಲಸದಿಂದ.

ಯಂತ್ರ ಕಳಿಸೋ ಸದ್ದು ನಮಗೆ ಕೇಳಲ್ಲ. ಹೃದಯಕ್ಕೆ ಸುಮಾರು 25 ಲಕ್ಷ ಹರ್ಟ್ಜ್ ಇಟ್ಕೊಳ್ಳಿ. ನಮ್ಮ ಕಿವಿ ಮಿತಿ 20 ಸಾವಿರ. ಆದರೆ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಓಡೋ ರಕ್ತಕಣಗಳಿಗೆ ತಾಗಿ ವಾಪಸ್ ಬಂದಾಗ ಆಗೋ ವ್ಯತ್ಯಾಸ ಸುಮಾರು 1,600 ಹರ್ಟ್ಜ್. ಅದು ಆರಾಮಾಗಿ ಕೇಳುತ್ತೆ. ನೀವು ಈಗ ಕೇಳಿದ ಉಶ್ ಉಶ್ ಅದೇ ವ್ಯತ್ಯಾಸ.

ಸರಿ, ಮೊದಲ ರಿಪೋರ್ಟ್‌ನಲ್ಲಿ ಬಂದಿದ್ದು: ಮೈಟ್ರಲ್ ಕವಾಟದಲ್ಲಿ ಸೋರಿಕೆ, ಮಧ್ಯಮ. ಮೂರು ವಾರ ಬಿಟ್ಟು ಇನ್ನೊಂದು ಆಸ್ಪತ್ರೆಗೆ ಹೋದ್ವಿ. ಅಲ್ಲಿ: ಸೋರಿಕೆ, ತೀವ್ರ. ಕವಾಟಕ್ಕೆ ಏನಾದರೂ ಮಾಡಬೇಕಾಗಬಹುದು, ಇನ್ನೊಂದು ಪರೀಕ್ಷೆ ಮಾಡಿಸಿ ಅಂದ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. ಒಂದೇ ಲೆಡ್ಜರ್, ಇಬ್ಬರು ಆಡಿಟರ್, ಎರಡು ಬ್ಯಾಲೆನ್ಸ್. ಅದು ಹೇಗೆ ಸಾಧ್ಯ? ದುಡ್ಡಿಗೋಸ್ಕರ ಹೇಳ್ತಿದ್ದಾರೆ ಅಂತ ತೀರ್ಮಾನ ಮಾಡಿದೆ. ಕಾರಿಡಾರ್‌ನಲ್ಲಿ ಅಪ್ಪನ ಮುಂದೆಯೇ ಹಾಗಂದೆ. ಅಪ್ಪ ಮಾತಾಡಲಿಲ್ಲ. ಫೈಲ್ ಎತ್ತಿಕೊಂಡು ಮನೆಗೆ ಬಂದುಬಿಟ್ವಿ. ಎರಡು ವಾರ ಹಾಗೇ ಕಳೀತು. ಆ ಎರಡು ವಾರ ಅಪ್ಪ ರಾತ್ರಿ ಕೂತ್ಕೊಂಡೇ ನಿದ್ದೆ ಮಾಡ್ತಿದ್ರು. ಮಲಗಿದ್ರೆ ಉಸಿರು ಕಟ್ತಿತ್ತು. ಇದನ್ನ ಇಲ್ಲಿ ಹೇಳೋಕೆ ಕಷ್ಟ ಆಗುತ್ತೆ, ಆದ್ರೂ ಹೇಳ್ತೀನಿ. ನನ್ನ ಅನುಮಾನಕ್ಕೆ ಬೆಲೆ ಕೊಟ್ಟಿದ್ದು ಅವರು.

ಕೊನೆಗೆ ಅಮ್ಮನೇ ಹೊರಡಿಸಿದ್ದು. ಮೂರನೇ ಕಡೆ ಇನ್ನೊಂದು ಬಗೆಯ ಎಕೋ ಮಾಡಿದ್ರು. ಖಾಲಿ ಹೊಟ್ಟೆಯಲ್ಲಿ, ಮಂಪರು ಬರಿಸಿ, ಅನ್ನನಾಳದೊಳಗೆ ಸಣ್ಣ ಪ್ರೋಬ್ ಇಳಿಸ್ತಾರೆ. ಅನ್ನನಾಳ ಹೃದಯದ ಬೆನ್ನಿಗೆ ಅಂಟಿಕೊಂಡ ಹಾಗೇ ಇರುತ್ತೆ, ಹಾಗಾಗಿ ಕವಾಟ ಸ್ಪಷ್ಟ ಕಾಣುತ್ತೆ. ಈ 3ಡಿ ಪ್ರೋಬ್‌ನ ತುದಿಯಲ್ಲಿ ಸಾವಿರಾರು ಪುಟ್ಟ ಸ್ಪೀಕರ್‌ಗಳಂಥವು ಚೌಕಾಕಾರದಲ್ಲಿ ಜೋಡಿಸಿರ್ತವೆ.

ಡಾಕ್ಟರ್ ಪರದೆ ತಿರುಗಿಸಿ ತೋರಿಸಿದ್ರು. ಅದೇ ಸೋರಿಕೆ ಈಗ ಕೆಂಪು! ಅಮ್ಮ ಕೈ ಮುಗಿದು, "ಕೆಂಪಾಗಿದೆ, ಗುಣ ಆಯ್ತಾ ಡಾಕ್ಟ್ರೇ?" ಅಂದ್ರು. ಅವರು ನಗಲಿಲ್ಲ, ತಾಳ್ಮೆಯಿಂದ ಹೇಳಿದ್ರು. "ಇಲ್ಲಮ್ಮ. ಆವತ್ತು ಎದೆ ಮುಂದುಗಡೆಯಿಂದ ನೋಡಿದ್ರು, ರಕ್ತ ದೂರ ಹೋಗ್ತಿತ್ತು, ನೀಲಿ. ಇವತ್ತು ಬೆನ್ನ ಕಡೆಯಿಂದ ನೋಡ್ತಿದ್ದೀವಿ, ನಮ್ಮ ಕಡೆ ಬರ್ತಿದೆ, ಕೆಂಪು. ರಕ್ತ ಅದೇ." ಇನ್ನೊಂದು ವಿಷಯ ಗೊತ್ತಾ? ಹೃದಯದ ಎಡಭಾಗದಲ್ಲಿ ಇರೋದೆಲ್ಲ ಶ್ವಾಸಕೋಶದಿಂದ ಬಂದ ಶುದ್ಧ ರಕ್ತ. ಅಮ್ಮ ಹೆದರಿದ ಆ ನೀಲಿ ಚಿಮ್ಮು ಕೂಡ ಶುದ್ಧ ರಕ್ತವೇ. ಕೆಟ್ಟಿದ್ದು ರಕ್ತ ಅಲ್ಲ, ದಿಕ್ಕು.

ಈಗ ಎರಡು ರಿಪೋರ್ಟ್ ಯಾಕೆ ಬೇರೆ ಬಂತು? ನಮ್ಮ ಶಿವಗಂಗೆ ಬೆಟ್ಟದ ಒಳಕಲ್ಲು ತೀರ್ಥ ನಿಮಗೆ ಗೊತ್ತಿರಬಹುದು. ಬಂಡೆ ಕಿಂಡಿಯೊಳಗೆ ಕೈ ಹಾಕಿದ್ರೆ ಒಬ್ಬರಿಗೆ ನೀರು ಸಿಗುತ್ತೆ, ಪಕ್ಕದವರಿಗೆ ಸಿಗಲ್ಲ. ಸಿಗದವರಿಗೆ ನೀರೇ ಇಲ್ಲ ಅಂತ ಅನ್ನೋಕಾಗಲ್ಲ ಅಲ್ವಾ? 2ಡಿ ಸ್ಕ್ಯಾನ್ ಅಂದ್ರೆ ಹೃದಯದ ಒಂದು ಹೋಳು. ಒಂದು ಹೋಳಲ್ಲಿ ಕಂಡ ಸೋರಿಕೆಯಿಂದ ಇಡೀ ತೂತನ್ನ ಅಂದಾಜು ಮಾಡಬೇಕು. ಆ ಲೆಕ್ಕದಲ್ಲಿ ತೂತು ದುಂಡಗಿದೆ ಅಂತ ಅಂದ್ಕೊಳ್ಳೋದು ರೂಢಿ. ಅಟ್ಯಾಕ್ ಆಗಿ ಹೃದಯ ಹಿಗ್ಗಿದಾಗ ಆಗೋ ಸೋರಿಕೆಯಲ್ಲಿ ತೂತು ಹಲವು ಸಲ ದುಂಡಗಿರಲ್ಲ, ಬಾಗಿಲ ಸಂದಿನ ಹಾಗೆ ಉದ್ದಕ್ಕೆ ಇರುತ್ತೆ. ಸಂದನ್ನ ಅಡ್ಡಕ್ಕೆ ಹೋಳು ಮಾಡಿದ್ರೆ ಚಿಕ್ಕದು, ಉದ್ದಕ್ಕೆ ಮಾಡಿದ್ರೆ ದೊಡ್ಡದು. ಜೊತೆಗೆ ಬಿಪಿ, ಔಷಧಿ, ಮೈಯಲ್ಲಿರೋ ನೀರಿನ ಪ್ರಮಾಣ ಬದಲಾದ್ರೆ ಸೋರಿಕೆಯೂ ಬದಲಾಗುತ್ತೆ. ಇಬ್ಬರು ಆಡಿಟರೂ ಪ್ರಾಮಾಣಿಕರೇ ಇರಬಹುದು, ನೋಡಿದ ಪುಟ ಬೇರೆ. 3ಡಿಯಲ್ಲಿ ತೂತನ್ನ ಎದುರಿಗೇ ನಿಂತು ನೋಡಿ ಅದರ ವಿಸ್ತೀರ್ಣ ಅಳೀಬಹುದು. ಅಪ್ಪನದು ಸಂದಿನ ಆಕಾರವೇ. ತೀವ್ರ ಅಂದವರು ಸರಿ ಇದ್ದರು.

ಹಾಗಾದ್ರೆ ಎಲ್ಲರಿಗೂ 3ಡಿ ಯಾಕೆ ಮಾಡಲ್ಲ? ಇಲ್ಲಿ ನನ್ನ ಇಷ್ಟದ ಲೆಕ್ಕ ಬರುತ್ತೆ. ದೇಹದೊಳಗೆ ಸದ್ದಿನ ವೇಗ ಸೆಕೆಂಡಿಗೆ 1,540 ಮೀಟರ್. 15 ಸೆಂಟಿಮೀಟರ್ ಆಳಕ್ಕೆ ಹೋಗಿ ವಾಪಸ್ ಬರಬೇಕು ಅಂದ್ರೆ ಸೆಕೆಂಡಿಗೆ ಸುಮಾರು 5,100 ಸಲ ಮಾತ್ರ ಕೂಗಬಹುದು. ಇದು ಬಜೆಟ್. ಯಾವ ಕಂಪನಿಯೂ ಇದನ್ನ ಹೆಚ್ಚಿಸೋಕಾಗಲ್ಲ, ಇದು ಪ್ರಕೃತಿ ಕೊಟ್ಟ ಸಂಬಳ. ವೇಗ ತಿಳಿಯೋಕೆ ಒಂದೇ ಗೆರೆಯಲ್ಲಿ ಎಂಟು ಸಲ ಕೂಗಬೇಕು ಅಂತಿಟ್ಕೊಳ್ಳಿ. 60 ಗೆರೆಯ 2ಡಿ ಚಿತ್ರಕ್ಕೆ 480 ಖರ್ಚು, ಸೆಕೆಂಡಿಗೆ ಹತ್ತು ಚಿತ್ರ ಸಿಗುತ್ತೆ. 3ಡಿಗೆ 60 ಇಂಟು 60 ಇಂಟು 8, ಅಂದ್ರೆ 28,800. ಒಂದೇ ಚಿತ್ರಕ್ಕೆ ಐದೂವರೆ ಸೆಕೆಂಡ್! ಅಷ್ಟರಲ್ಲಿ ಹೃದಯ ಆರೇಳು ಸಲ ಬಡಿದಿರುತ್ತೆ.

ಆದ್ದರಿಂದ ಜುಗಾಡ್ ಮಾಡ್ತಾರೆ. ಒಂದು ಸಲ ಕೂಗಿ ಹಲವು ದಿಕ್ಕಿನಿಂದ ಒಟ್ಟಿಗೆ ಕೇಳಿಸ್ಕೊಳ್ತಾರೆ. ಬೇಕಾದಷ್ಟೇ ಸಣ್ಣ ಜಾಗ ನೋಡ್ತಾರೆ. ಇಲ್ಲವೇ ಇಸಿಜಿ ಜೊತೆ ಹೊಂದಿಸಿ, ನಾಲ್ಕಾರು ಬಡಿತದ ತುಣುಕು ಸೇರಿಸಿ ಹೊಲೀತಾರೆ. ಬಡಿತ ತಾಳ ತಪ್ಪಿದ್ರೆ ಹೊಲಿಗೆ ಚಿತ್ರದಲ್ಲೇ ಕಾಣುತ್ತೆ.

ಬಜೆಟ್‌ನ ಇನ್ನೊಂದು ಪರಿಣಾಮ ಇದೆ. ಸೋರಿಕೆಯ ರಕ್ತ ಸೆಕೆಂಡಿಗೆ ಐದು ಮೀಟರ್ ವೇಗದಲ್ಲೂ ಚಿಮ್ಮಬಹುದು. ಅಷ್ಟು ವೇಗವನ್ನ ಈ ಬಣ್ಣದ ಲೆಕ್ಕ ಹಿಡಿಯಲ್ಲ. ಸಿನಿಮಾದಲ್ಲಿ ಬಸ್ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತಲ್ಲ, ಹಾಗೆ ಕೆಂಪು ನೀಲಿಯಾಗಿ, ನೀಲಿ ಕೆಂಪಾಗಿ, ಹಳದಿ ಹಸಿರು ಕಲಸಿದ ರಂಗೋಲಿ ಆಗುತ್ತೆ. ಆ ಕಲಸುಮೇಲೋಗರವೇ ಡಾಕ್ಟರ್‌ಗೆ ಸುಳಿವು: ಇಲ್ಲಿ ರಕ್ತ ಮಿತಿ ಮೀರಿ ಓಡ್ತಿದೆ.

ಮಾಹಿತಿ ಸಿಕ್ಕಿತು ಅಂತಿಟ್ಕೊಳ್ಳಿ, ತೋರಿಸೋದು ಹೇಗೆ? ಪರದೆ ಚಪ್ಪಟೆ, ಮಾಂಸಖಂಡ ಗೋಡೆ ಹಾಗೆ ಅಡ್ಡ ನಿಲ್ಲುತ್ತೆ. ಒಂದು ದಾರಿ, ಪರಂಗಿಹಣ್ಣು ಕೊಯ್ದ ಹಾಗೆ ಮುಂದಿನ ಭಾಗ ಕತ್ತರಿಸಿ ಒಳಗೆ ನೋಡೋದು. ಇನ್ನೊಂದು, ಗೋಡೆಯನ್ನ ಗಾಜಿನ ಹಾಗೆ ಪಾರದರ್ಶಕ ಮಾಡಿ ರಕ್ತವನ್ನ ಮಾತ್ರ ಬಣ್ಣದಲ್ಲಿ ಉಳಿಸೋದು. ಮೂರನೆಯದು, ಕಂಪ್ಯೂಟರ್‌ನಲ್ಲಿ ಇಲ್ಲದ ದೀಪ ಹಚ್ಚಿ ನೆರಳು ಬೀಳಿಸಿ ಉಬ್ಬುತಗ್ಗು ತೋರಿಸೋದು. ನೋಡೋಕೆ ಸಖತ್. ಆದರೆ ಕಪ್ಪಾದ ಕೆಂಪು ಕಂಡ್ರೆ ಅದು ರಕ್ತ ನಿಧಾನ ಆಗಿದ್ದಾ, ನೆರಳಾ? ಚಿತ್ರವನ್ನ ಬೆರಳಲ್ಲಿ ತಿರುಗಿಸಿದ್ರೆ ಕೆಂಪು ಈಗ ನಿಮ್ಮಿಂದ ದೂರ ಹೋಗ್ತಿರೋ ಹಾಗೆ ಕಾಣಬಹುದು, ಯಾಕಂದ್ರೆ ಬಣ್ಣ ಪ್ರೋಬ್‌ನ ಲೆಕ್ಕ, ನಿಮ್ಮ ಕಣ್ಣಿನ ಲೆಕ್ಕ ಅಲ್ಲ. ಪ್ರೋಬ್‌ಗೆ ನೇರ ಅಡ್ಡಲಾಗಿ ಹರಿಯೋ ರಕ್ತಕ್ಕಂತೂ ಬಣ್ಣವೇ ಸರಿಯಾಗಿ ಬರಲ್ಲ. ಕಪ್ಪು ಅಂದ್ರೆ ಅಲ್ಲಿ ರಕ್ತ ಇಲ್ಲ ಅಂತ ಅಲ್ಲ. ಚಂದದ ಚಿತ್ರವನ್ನ ಫೋಟೋ ಅಂತ ನಂಬಬೇಡಿ. ಅದು ಲೆಕ್ಕ ಹಾಕಿ ಬರೆದ ನಕ್ಷೆ.

ಈ ಯಂತ್ರಗಳು ಎಲ್ಲೋ ಫಾರಿನ್‌ದು ಅಂದ್ಕೊಂಡಿದ್ದೆ. ನಮ್ಮ ಪಕ್ಕದಲ್ಲೇ ಇದೆ ನೋಡಿ. ವಿಪ್ರೋ ಜಿಇ ಹೆಲ್ತ್‌ಕೇರ್ 1990ರಿಂದ ಬೆಂಗಳೂರಿನದ್ದು. ವೈಟ್‌ಫೀಲ್ಡ್‌ನ ಜಾನ್ ಎಫ್. ವೆಲ್ಚ್ ಸೆಂಟರ್ ಶುರುವಾಗಿದ್ದು 2000ದಲ್ಲಿ. ಕೋಡ್ ಬರೆಯೋ ನನ್ನ ಕೇಳುಗರಲ್ಲಿ ಯಾರಿಗಾದ್ರೂ ಈ ಕೆಲಸ ಇಷ್ಟ ಆಗಬಹುದು.

ಅಪ್ಪನ ವಿಷಯ. ಸದ್ಯ ಔಷಧಿ ಬದಲಿಸಿದ್ದಾರೆ. ಈ ಥರದ ಸೋರಿಕೆಗೆ ಮೊದಲು ಔಷಧಿ, ಆಮೇಲೆ ಮತ್ತೆ ಅಳತೆ, ಆಮೇಲೆ ಕವಾಟದ ಮಾತು. ಮುಂದಿನ ತಿಂಗಳು ಮತ್ತೆ ಎಕೋ ಇದೆ. ಈಗ ಮಲಗಿಕೊಂಡು ನಿದ್ದೆ ಮಾಡ್ತಾರೆ, ಎರಡು ದಿಂಬು ಬೇಕು.

ನಿಮ್ಮ ಮನೆಯಲ್ಲೂ ಎರಡು ರಿಪೋರ್ಟ್ ಬೇರೆ ಬೇರೆ ಬಂದ್ರೆ, ನನ್ನ ಹಾಗೆ ಫೈಲ್ ಎತ್ತಿಕೊಂಡು ಬರಬೇಡಿ. ಮೂರು ಪ್ರಶ್ನೆ ಕೇಳಿ. ಹೇಗೆ ಅಳೆದ್ರಿ? ಆವತ್ತು ಬಿಪಿ ಎಷ್ಟಿತ್ತು? 3ಡಿ ಮಾಡಿದ್ರೆ ಚಿಕಿತ್ಸೆಯ ತೀರ್ಮಾನ ಬದಲಾಗುತ್ತಾ? ಅನುಮಾನ ಪಡೋದು ತಪ್ಪಲ್ಲ, ಅದನ್ನ ಕೇಳದೆ ಹೊತ್ಕೊಂಡು ಬರೋದು ತಪ್ಪು. ಆ ಎರಡನೇ ಡಾಕ್ಟರ್ ಹತ್ರ ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ, ಅಪ್ಪ ಹೇಗಿದ್ದಾರೆ?" ಅಂದ್ರು.

ಈ ಎಪಿಸೋಡನ್ನ ಮನೆಯಲ್ಲಿ ಹೃದಯದ ತೊಂದರೆ ಇರೋ ಒಬ್ಬರಿಗಾದ್ರೂ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.

[ಉಶ್, ಉಶ್ ಸದ್ದು, ನಿಧಾನವಾಗಿ ಕಡಿಮೆಯಾಗುತ್ತದೆ]